ಒಂದು ವಾಕ್ಯದ ಅರಿಕೆ

ಹೋದ ಕೊಯ್ಲಿನಲ್ಲಿ ಊರಿಗೆ ಹೋಗಿದ್ದಾಗಿನ ಮಾತು. ಸಾಗರದಿಂದ ಒಳಗಿರುವ ನಮ್ಮ ಮನೆಯ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಎಂಟು ಹತ್ತು ಮಂದಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಕೂತಿದ್ದರು. ಬದಿಯ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ ಅಂಗಳವನ್ನೆಲ್ಲ ತುಂಬಿತ್ತು. ಸುಲಿಯುವ ರಾತ್ರಿಗೆ ಕಥೆ ಇಲ್ಲದಿದ್ದರೆ ನಿದ್ದೆ ಬರುತ್ತದೆ. ನಾವು ಚಿಕ್ಕವರಿದ್ದಾಗ ಅಜ್ಜ ಪ್ರಸಂಗಗಳನ್ನು ಹೇಳುತ್ತ ಬೆಳಗು ಮಾಡುತ್ತಿದ್ದ. ಆ ದಿನ ಕಥೆ ಹೇಳುವ ಸರದಿ ನನಗೆ ಬಂತು. ಬರಿಸಿದವಳು ಅಣ್ಣನ ಮಗಳು.

ಅವಳು ಎಂಜಿನಿಯರಿಂಗ್ ಮೂರನೇ ವರ್ಷ. ಕಾಲೇಜಿನ ಹುಡುಗರೆಲ್ಲ ಸೇರಿ ಒಂದು ತಂತ್ರಾಂಶ ಕಟ್ಟುತ್ತಿದ್ದಾರೆ. ಯಾರಿಗೆ ಯಾವ ಬದಲಾವಣೆ ಬೇಕೆನಿಸಿದರೂ ಬರೆದು ಕೊಡಲಿ ಎಂದು ಒಂದು ಕ್ರಮ ಮಾಡಿಕೊಂಡಿದ್ದಾರಂತೆ.

"ಅದಕ್ಕೆ ಆರ್‌ಎಫ್‌ಸಿ ಅಂತ ಹೆಸರಿಟ್ಟಿದ್ದೇವೆ ಚಿಕ್ಕಪ್ಪ. ಎರಡು ತಿಂಗಳಾಯ್ತು, ಒಬ್ಬರೂ ಒಂದೂ ಬರೆದಿಲ್ಲ. ಮಾತಾಡುವಾಗ ಮಾತ್ರ ಎಲ್ಲರಿಗೂ ನೂರು ಸಲಹೆ."

ನನ್ನ ಕೈಯಲ್ಲಿದ್ದ ಅಡಿಕೆ ಹಾಗೇ ನಿಂತಿತು. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಮಳೆಗಾಲ ಕಣ್ಣ ಮುಂದೆ ಬಂತು.

2000ದ ಆಗಸ್ಟ್. ನಾನು ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ಜಯನಗರದ ಒಂದು ಮಹಡಿಯ ಮೇಲೆ ಏಳು ಜನರ ಪುಟ್ಟ ಕಂಪನಿ. ಕರ್ನಾಟಕದ ಊರುಗಳ ಹೆಸರಿನ ಪಟ್ಟಿಯನ್ನು ಸರಿಪಡಿಸಿ, ಅಚ್ಚಿಗೆ ಹೊಂದುವ ಹಾಗೆ ಅಂಕಣಗಳಲ್ಲಿ ಕೂರಿಸುವುದು ನನ್ನ ಕೆಲಸ. ಬರೆಯುತ್ತಿದ್ದದ್ದು ಪರ್ಲ್ ಭಾಷೆಯಲ್ಲಿ. ಪಠ್ಯವನ್ನು ಕತ್ತರಿಸುವುದು, ಜೋಡಿಸುವುದು, ಹುಡುಕುವುದು ಇಂಥ ಕೆಲಸಕ್ಕೆ ಆಗ ಅದರಷ್ಟು ಚುರುಕಾದ ಭಾಷೆ ಇನ್ನೊಂದಿರಲಿಲ್ಲ ಎಂದೇ ಈಗಲೂ ನಾನು ಹೇಳುತ್ತೇನೆ.

ನಮ್ಮ ಕನ್ನಡವೆಲ್ಲ ಇಸ್ಕಿ ಎಂಬ ಸಂಕೇತದಲ್ಲಿತ್ತು. ವ್ಯಂಜನಕ್ಕೊಂದು ಬೈಟು, ಅದಕ್ಕೆ ಹತ್ತುವ ಗುಣಿತದ ಚಿಹ್ನೆಗೆ ಇನ್ನೊಂದು, ಒತ್ತಕ್ಷರ ಮಾಡುವ ಹಲಂತಕ್ಕೆ ಮತ್ತೊಂದು. ಒಂದು ದಿನ ಅಂಕಣದ ಅಗಲ ಎಂಟು ಅಕ್ಷರ ಎಂದು ಹಾಕಿ ಪಟ್ಟಿ ಓಡಿಸಿದೆ. ಅಚ್ಚಾಗಿ ಬಂದ ಹಾಳೆಯಲ್ಲಿ ತೀರ್ಥಹಳ್ಳಿ ಇರಲಿಲ್ಲ, 'ತೀರ್ಥಹಳ್' ಇತ್ತು. ಹಳ್ಳಿಯ ಕಾಲು ಮುರಿದು ಹಾಕಿದ ಹಾಗೆ. ಬಿಡಿಸಿ ನೋಡಿದೆ: ತ, ದೀರ್ಘ, ರ, ಹಲಂತ, ಥ, ಹ, ಳ, ಹಲಂತ, ಳ, ಗುಡಿಸು. ಯಂತ್ರದ ಲೆಕ್ಕದಲ್ಲಿ ತೀರ್ಥಹಳ್ಳಿಗೆ ಹತ್ತು ಅಕ್ಷರ. ಎಂಟಕ್ಕೆ ಕತ್ತರಿ ಬಿದ್ದಿತ್ತು.

ನಮ್ಮ ಲೆಕ್ಕವೇ ಬೇರೆ. ತೀ, ರ್ಥ, ಹ, ಳ್ಳಿ. ನಾಲ್ಕು. ಅಜ್ಜ ನನಗೆ ಛಂದಸ್ಸು ಕಲಿಸಿದ್ದು ಬೆರಳು ಮಡಚಿಸಿ. ಉತ್ಪಲಮಾಲೆಯ ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21. ಒತ್ತು ಬಂದರೂ ದೀರ್ಘ ಬಂದರೂ ಬಾಯಿ ಒಮ್ಮೆ ಆಡಿದರೆ ಅದು ಒಂದು ಅಕ್ಷರ. ಹಾಗೆ ಎಣಿಸುತ್ತ ಬೆಳೆದವನಿಗೆ ಆ 'ತೀರ್ಥಹಳ್' ನೋಡಿ ಕರುಳು ಚುರ್ ಎಂದಿತು. ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ: ಭಾಷೆ ಅಕ್ಷರ ಎಣಿಸುವಾಗ ಬೈಟನ್ನು ಎಣಿಸದೆ, ಓದುವವನ ಬಾಯಿ ಎಷ್ಟು ಸಲ ಆಡುತ್ತದೋ ಅಷ್ಟನ್ನು ಎಣಿಸಬೇಕು.

ಅದೇ ದಿನಗಳಲ್ಲಿ ಪರ್ಲ್ ಲೋಕದಲ್ಲಿ ದೊಡ್ಡ ಗದ್ದಲ. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮಾಂಟರೇ ಎಂಬ ಕಡಲೂರಿನಲ್ಲಿ ಸಮ್ಮೇಳನ ನಡೆದಿತ್ತು. ಅಲ್ಲಿಯ ಒಂದು ಒಳಸಭೆಯಲ್ಲಿ ಜಾನ್ ಓರ್ವಂಟ್ ಎಂಬವರು ಕಾಫಿ ಕಪ್ಪನ್ನು ಎತ್ತಿ ಗೋಡೆಗೆ ಎಸೆದರಂತೆ. ಜನರಿಗೆ ಬೇಸರ ಬರುತ್ತಿದೆ, ಹೊಸದೇನಾದರೂ ಮಾಡದಿದ್ದರೆ ನಮ್ಮ ಕಥೆ ಮುಗಿಯಿತು ಎಂಬ ಸಂಕಟದಲ್ಲಿ. ಆ ಸಭೆಯಿಂದಲೇ ಪರ್ಲ್ 6ರ ಯೋಚನೆ ಎದ್ದಿತು. ಭಾಷೆಯನ್ನು ಹುಟ್ಟಿಸಿದ ಲ್ಯಾರಿ ವಾಲ್ ಈ ಸಲ ತಾನೊಬ್ಬನೇ ಕೂತು ಮಾಡುವುದಿಲ್ಲ, ಬಳಸುವವರೆಲ್ಲ ಸೇರಿ ಮಾಡಲಿ ಎಂದರು. ಏನು ಬದಲಾಗಬೇಕು, ಯಾರು ಬೇಕಾದರೂ ಬರೆದು ಕಳಿಸಿ. ಬರೆದದ್ದಕ್ಕೆ ಹೆಸರು ಆರ್‌ಎಫ್‌ಸಿ. ಗಡುವು ಸೆಪ್ಟೆಂಬರ್ ಕೊನೆ.

ನಮ್ಮ ಕಚೇರಿಯಲ್ಲಿ ಒಬ್ಬರು ಹಿರಿಯರಿದ್ದರು, ನಾವೆಲ್ಲ ಸಾರ್ ಎನ್ನುತ್ತಿದ್ದೆವು. ನೋಟ್‌ಬುಕ್ಕಿನ ಸಾಲು ಅವರಿಗೆ ತೋರಿಸಿದೆ.

"ಕಳಿಸಪ್ಪ. ಇದನ್ನೇ ಕಳಿಸು."

"ಆರ್‌ಎಫ್‌ಸಿ ಬರೀಬೇಕಂತೆ ಸಾರ್. ನಾನ್ಯಾರು ಆರ್‌ಎಫ್‌ಸಿ ಬರೆಯೋಕೆ?"

ಅವರು ಏನೂ ಹೇಳದೆ ಕಪಾಟಿನತ್ತ ನೋಡಿದರು. ನನಗೆ ಗೊತ್ತಿದ್ದ ಆರ್‌ಎಫ್‌ಸಿ ಅಲ್ಲಿತ್ತು. 2616ನೇ ಸಂಖ್ಯೆಯದು, ವೆಬ್ ಪುಟಗಳು ಓಡಾಡುವ ನಿಯಮವನ್ನು ಹೇಳುವಂಥದ್ದು. 176 ಪುಟಗಳನ್ನು ಮುದ್ರಿಸಿ ಸುರುಳಿ ಹಾಕಿಸಿ ಇಟ್ಟಿದ್ದರು. ಕೆಂಪು ಪೆನ್ಸಿಲಿನ ಗೆರೆಗಳಿಂದ ಪುಟಗಳು ತುಂಬಿದ್ದವು. ಸಾಲು ಸಾಲಿಗೂ ದೊಡ್ಡಕ್ಷರದಲ್ಲಿ ಮಸ್ಟ್, ಮಸ್ಟ್ ನಾಟ್. ಹೀಗೇ ಮಾಡತಕ್ಕದ್ದು, ಹಾಗೆ ಮಾಡಲೇಬಾರದು. ಹೆಸರೇನೋ ರಿಕ್ವೆಸ್ಟ್ ಫಾರ್ ಕಾಮೆಂಟ್ಸ್, ನಿಮ್ಮ ಅಭಿಪ್ರಾಯ ಹೇಳಿ ಎಂಬ ಕೋರಿಕೆ. ಒಳಗೆ ತೆರೆದರೆ ಶಾಸನ. ನನ್ನಂಥ ಇಪ್ಪತ್ತನಾಲ್ಕರ ಹುಡುಗನಿಗೆ ಆ ಮೂರಕ್ಷರ ಕಂಡರೆ ಕೋರ್ಟಿನ ಕಾಗದ ಕಂಡ ಹಾಗಾಗುತ್ತಿತ್ತು.

ಆಗ ಸಾರ್ ಆ ಹೆಸರು ಹುಟ್ಟಿದ ಕಥೆ ಹೇಳಿದರು. ಅದನ್ನು ಆ ರಾತ್ರಿ ಅಂಗಳದಲ್ಲಿ ನಾನು ಹೇಳುವಾಗ ಅತ್ತಿಗೆಯೂ ಸೌಟು ಬಿಟ್ಟು ಬಂದು ಕೂತರು.

1969. ಇಂಟರ್‌ನೆಟ್ ಎಂಬ ಮಾತು ಇನ್ನೂ ಹುಟ್ಟಿಲ್ಲ. ಅಮೆರಿಕದ ನಾಲ್ಕು ಕಡೆಯ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಬೇಕು ಎಂದು ಸರ್ಕಾರದ ಯೋಜನೆ. ಲಾಸ್ ಏಂಜಲೀಸ್, ಸ್ಟ್ಯಾನ್‌ಫರ್ಡ್, ಸಾಂತಾ ಬಾರ್ಬರಾ, ಯೂಟಾ. ಆ ಯಂತ್ರಗಳು ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಯೋಚಿಸಲು ಕೂತವರು ಸ್ನಾತಕೋತ್ತರ ವಿದ್ಯಾರ್ಥಿಗಳು. ಅಧಿಕಾರ ಯಾರೂ ಕೊಟ್ಟಿರಲಿಲ್ಲ. ಇವತ್ತೋ ನಾಳೆಯೋ ದೊಡ್ಡವರು ಬಂದು ಕೆಲಸ ವಹಿಸಿಕೊಳ್ಳುತ್ತಾರೆ ಎಂದೇ ಅವರು ಎಣಿಸಿದ್ದರು. ಚರ್ಚಿಸಿದ್ದನ್ನು ಬರೆದಿಡುವ ಭಾರ ಸ್ಟೀವ್ ಕ್ರಾಕರ್ ಎಂಬ ಹುಡುಗನ ಮೇಲೆ ಬಿತ್ತು. ಅವನು ಸ್ನೇಹಿತರ ಮನೆಯಲ್ಲಿ ಉಳಿದಿದ್ದ. ರಾತ್ರಿ ದೀಪ ಹಾಕಿದರೆ ಮಲಗಿದವರಿಗೆ ತೊಂದರೆ. ಬಚ್ಚಲುಮನೆಗೆ ಹೋಗಿ ಕೂತು ಬರೆದ.

"ಬಚ್ಚಲಲ್ಲಾ!" ಎಂದು ಸುಲಿಯುತ್ತಿದ್ದ ಒಬ್ಬಾಕೆ ನಕ್ಕರು. ಹೌದು, ಬಚ್ಚಲಲ್ಲೇ.

ಬರೆದದ್ದಕ್ಕೆ ಏನೆಂದು ಹೆಸರಿಡುವುದು? ನಿಯಮ ಎಂದರೆ, ಇದನ್ನು ಹೇಳಲು ನೀನ್ಯಾರು ಎಂದು ಹಿರಿಯರು ಕೇಳಬಹುದು. ಅವರ ಮನಸ್ಸಿಗೆ ಎಲ್ಲಿ ನೋವಾಗುತ್ತದೋ ಎಂದು ಆ ಹುಡುಗನಿಗೆ ನಿಜವಾದ ಭಯ. ತಗ್ಗಿದ ಮಾತು ಹುಡುಕುತ್ತ ರಾತ್ರಿ ನಿದ್ದೆಗೆಟ್ಟು, ಕೊನೆಗೆ ರಿಕ್ವೆಸ್ಟ್ ಫಾರ್ ಕಾಮೆಂಟ್ಸ್ ಎಂದು ಬರೆದ. 1969ರ ಏಪ್ರಿಲ್ 7ರ ದಿನಾಂಕ ಹೊತ್ತು ಮೊದಲನೆಯದು ಹೊರಟಿತು. ಜಾಲವೇ ಇಲ್ಲದ ಕಾಲ, ಹೋದದ್ದು ಅಂಚೆಯಲ್ಲಿ. ಮೂರನೆಯ ಆರ್‌ಎಫ್‌ಸಿ ಬರೆಯುವ ರೀತಿಯ ಬಗ್ಗೆಯೇ ಇತ್ತು. ತಿದ್ದಿ ತೀಡಿ ಚಂದ ಮಾಡುವುದಕ್ಕಿಂತ ಬೇಗ ಕಳಿಸುವುದು ಮುಖ್ಯ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೂ ಕಳಿಸಬಹುದು. ಇನ್ನು ಉದ್ದ? ಕನಿಷ್ಠ ಒಂದು ವಾಕ್ಯ ಇದ್ದರೆ ಸಾಕು.

"ನೋಡಪ್ಪ, ನಿನ್ನ ಹತ್ತಿರ ಒಂದು ವಾಕ್ಯ ಇದೆ," ಎಂದರು ಸಾರ್.

ಎಷ್ಟು ಒಳ್ಳೆಯ ಮಾತು. ಆದರೂ ನಾನು ಕಳಿಸಲಿಲ್ಲ. ಮೂವತ್ತು ವರ್ಷದಲ್ಲಿ ಆ ಹೆಸರಿನ ಮೇಲೆ ಏನೇನು ಕೂತಿತ್ತೋ ಅದು ನನಗೆ ಕಂಡಿತ್ತು, ಬಚ್ಚಲುಮನೆಯ ಹುಡುಗ ಕಂಡಿರಲಿಲ್ಲ. ಒಂದು ವಾಕ್ಯವನ್ನು ಆರ್‌ಎಫ್‌ಸಿಗೆ ತಕ್ಕಂತೆ ಮಾಡುತ್ತೇನೆಂದು ಹಿನ್ನೆಲೆ ಬರೆದೆ, ವ್ಯಾಖ್ಯೆಗಳನ್ನು ಸೇರಿಸಿದೆ, ನಾನೂ ಅಲ್ಲಲ್ಲಿ ಮಸ್ಟ್ ಹಾಕಿದೆ. ಏಳು ಪುಟವಾಯಿತು. ಇನ್ನೂ ಸಾಲದೆನಿಸಿತು. ಅಷ್ಟರಲ್ಲಿ ಗಣೇಶನ ಹಬ್ಬಕ್ಕೆ ಊರಿಗೆ ಹೋಗಿ ಬಂದೆ. ಸೆಪ್ಟೆಂಬರ್ ಮುಗಿಯಿತು, ಬಾಗಿಲು ಹಾಕಿಕೊಂಡಿತು.

ಜಗತ್ತಿನ ಬೇರೆ ಬೇರೆ ಮೂಲೆಗಳಿಂದ 361 ಆರ್‌ಎಫ್‌ಸಿಗಳು ಬಂದಿದ್ದವು. ಇಪ್ಪತ್ತು ಬರಬಹುದು ಎಂದುಕೊಂಡಿದ್ದರಂತೆ ಲ್ಯಾರಿ. ಆ ರಾಶಿಗೆ ಉತ್ತರ ಬರೆಯುವ ಕೆಲಸ ಮುಂದಿನ ಏಪ್ರಿಲ್‌ನಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ಮೊದಲ ಅಧಿಕೃತ ಆವೃತ್ತಿ ಹೊರಗೆ ಬಂದದ್ದು 2015ರ ಕ್ರಿಸ್‌ಮಸ್‌ಗೆ. ಅಷ್ಟು ಹೊತ್ತಿಗೆ ಅದು ಪರ್ಲ್‌ನ ಮುಂದಿನ ಆವೃತ್ತಿಯಾಗಿ ಉಳಿದಿರಲಿಲ್ಲ, ಬೇರೆಯೇ ಭಾಷೆಯಾಗಿ ಬೆಳೆದಿತ್ತು. 6 ಎಂಬ ಅಂಕೆ ನೋಡಿದವರು ಹಳೆಯ ಪರ್ಲ್ 5ರ ಆಯುಷ್ಯ ಮುಗಿಯಿತೆಂದೇ ತಿಳಿಯುತ್ತಿದ್ದರು. ಎರಡೂ ಕಡೆಯವರಿಗೆ ನೋವು. 2019ರ ಅಕ್ಟೋಬರ್‌ನಲ್ಲಿ ಲ್ಯಾರಿ ಒಪ್ಪಿಗೆ ಕೊಟ್ಟ ಮೇಲೆ ಅದರ ಹೆಸರು ರಾಕು ಎಂದಾಯಿತು. ಹೆಸರಿನ ತೊಡಕು ಬಿಡಿಸಲು ಹತ್ತೊಂಬತ್ತು ವರ್ಷ.

"ಅದೇ ಮಳೆಗಾಲದಲ್ಲಿ ಇನ್ನೊಂದು ಕಡೆ ಏನಾಯ್ತು ಗೊತ್ತೇನೇ?" ಎಂದೆ. ಅವಳು ಕಲಿಯುತ್ತಿರುವುದು ಪೈಥಾನ್, ಹಾಗಾಗಿ ಇದು ಅವಳ ಮನೆಯ ಕಥೆ. 2000ದ ಜೂನ್ 13ರ ದಿನಾಂಕದಲ್ಲಿ ಪೈಥಾನ್‌ನವರು ತಮ್ಮ ಕ್ರಮದ ಮೊದಲ ಕಾಗದ ತೆರೆದರು. ಮೇಲ್ಪಂಕ್ತಿ ಅವರಿಗೂ ಆರ್‌ಎಫ್‌ಸಿಯೇ. ಆದರೆ ಆ ಹೆಸರನ್ನು ತರಲಿಲ್ಲ. ಬ್ಯಾರಿ ವಾರ್ಸಾ ಹೊಸ ಹೆಸರು ಕಟ್ಟಿದರು, ಪೆಪ್. ಪೈಥಾನ್ ಎನ್‌ಹ್ಯಾನ್ಸ್‌ಮೆಂಟ್ ಪ್ರಪೋಸಲ್ ಎಂಬುದರ ಚುಟುಕು, ಪೈಥಾನನ್ನು ಇನ್ನಷ್ಟು ಚೆನ್ನಾಗಿಸುವ ಸಲಹೆ ಎಂದರ್ಥ. ಬಾಯಿಗೆ ಹಗುರ. ಇಂಗ್ಲಿಷಿನಲ್ಲಿ ಆ ಪದಕ್ಕೆ ಹುರುಪು ಎಂಬ ಅರ್ಥವೂ ಇದೆ. ಯಾರ ಕೆಂಪು ಪೆನ್ಸಿಲೂ ತಾಗದ ಹೊಸ ಶಬ್ದ.

ಪೆಪ್‌ನಲ್ಲಿ ನನಗೆ ತುಂಬ ಹಿಡಿಸಿದ್ದು, ಬೇಡವೆಂದು ತಳ್ಳಿದ ಸಲಹೆಯನ್ನೂ ಅವರು ಹರಿದು ಹಾಕುವುದಿಲ್ಲ. ಅದಕ್ಕೂ ಸಂಖ್ಯೆ ಇರುತ್ತದೆ, ಯಾಕೆ ಬೇಡವಾಯಿತು ಎಂಬ ಕಾರಣ ಇರುತ್ತದೆ. ಮುಂದೆ ಬರುವವನು ಓದಬಹುದು. ಒಪ್ಪಿದವುಗಳ ಪೈಕಿ 201ನೇ ಪೆಪ್ ಇದೆ, ಎರಡು ಪಟ್ಟಿಗಳನ್ನು ಜೊತೆಜೊತೆಗೆ ಹೆಣೆದು ತರುವ ಕ್ರಿಯೆಯದು, ಇವತ್ತು ಎಲ್ಲರೂ ಜಿಪ್ ಎನ್ನುವಂಥದ್ದು. ಆ ಒಂದು ಪುಟ್ಟ ಕ್ರಿಯೆಗೆ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳು ಬಂದಿದ್ದವಂತೆ. ಯಾವುದೂ ಜಿಪ್‌ಗಿಂತ ಎದ್ದು ನಿಲ್ಲಲಿಲ್ಲ. ಹ್ಯಾಸ್ಕೆಲ್ ಭಾಷೆಯಿಂದ ಬಂದ ಹೆಸರು ಎಂದು ಗೀಡೋ ವಾನ್ ರೋಸಮ್ ಅದನ್ನೇ ಉಳಿಸಿದರು. ನಾಮಕರಣದ ಕಲಾಪವನ್ನು ಹಾಗೆ ಬರೆದಿಟ್ಟದ್ದು ಓದಿದರೆ ನನಗೆ ಈಗಲೂ ಖುಷಿ.

ಪೆಪ್ ನೋಡಿ ಎಷ್ಟೋ ಮಕ್ಕಳು ಹುಟ್ಟಿದವು. ಬಿಟ್‌ಕಾಯಿನ್‌ನಲ್ಲಿ ಬಿಪ್, ನಂಪೈಯಲ್ಲಿ ನೆಪ್, ಹೀಗೆ. ಹಗುರ ಹೆಸರಿದ್ದರೆ ಜಗಳ ಇರುವುದಿಲ್ಲ ಎಂದೇನಲ್ಲ. 572ನೇ ಪೆಪ್‌ನ ವಾದ ಎಷ್ಟು ಕಹಿಯಾಯಿತೆಂದರೆ, ಅದನ್ನು ಒಪ್ಪಿದ ಮೇಲೆ 2018ರ ಜುಲೈನಲ್ಲಿ ಗೀಡೋ ತಮ್ಮ ಮುಖ್ಯಸ್ಥಿಕೆಯನ್ನೇ ಬಿಟ್ಟರು. ಒಳಗೆ ಬಂದವರ ನಡುವೆ ಜಗಳ ಇರುತ್ತದೆ. ನನ್ನ ಚಿಂತೆ ಹೊಸ್ತಿಲಲ್ಲೇ ನಿಂತವರದು.

ಅಣ್ಣ ಒಲೆಗೆ ಕೊಳ್ಳಿ ದೂಡಿ ಬಂದ. "ಹಂಗಾರೆ ನಿನ್ನ ಪರ್ಲ್‌ನವರು ಬುದ್ಧಿ ಕಲೀಲಿಲ್ವನೋ?"

ಕಲಿತರು. ಹಳೆಯ ಪರ್ಲ್ 5 ಸಾಯಲಿಲ್ಲ, ಇವತ್ತಿಗೂ ನಡೆಯುತ್ತಿದೆ. ಅದರ ಯೋಗಕ್ಷೇಮಕ್ಕೆ ಮೂವರ ಮಂಡಳಿಯೊಂದು ಬಂದಿದೆ. ಬದಲಾವಣೆಯ ಸಲಹೆಗಳಿಗೆ ಅವರೂ ಒಂದು ಕ್ರಮ ಕಟ್ಟಿದರು, ಮೊದಲಿಗೆ ಅದೇ ಆರ್‌ಎಫ್‌ಸಿ ಎಂಬ ಹೆಸರಿನಲ್ಲಿ. ಆಮೇಲೆ ಬದಲಿಸಿದರು. ಈಗ ಪಿಪಿಸಿ, ಪ್ರಪೋಸ್ಡ್ ಪರ್ಲ್ ಚೇಂಜ್. ಪರ್ಲ್‌ನಲ್ಲಿ ಆಗಲೆಂದು ಮುಂದಿಟ್ಟ ಒಂದು ಬದಲಾವಣೆ, ಅಷ್ಟೇ. ಪೆಪ್‌ನ ಹಾಗೆ ನಾಲಿಗೆಯ ಮೇಲೆ ಕುಣಿಯುವುದಿಲ್ಲ. ಆದರೂ ನನಗೆ ಅದು ಪ್ರಾಮಾಣಿಕ ಹೆಸರೆನಿಸುತ್ತದೆ. ಕೋರಿಕೆಯ ವೇಷದ ಶಾಸನವಲ್ಲ, ಹಳೆಯ 361ರ ನೆರಳೂ ಅದರ ಮೇಲಿಲ್ಲ.

ಹೆಸರಿಗಿಂತ ಹೆಚ್ಚಾಗಿ ನನ್ನ ಮನಸ್ಸು ಕರಗಿಸಿದ್ದು ಅವರ ಮೊದಲ ಮೆಟ್ಟಿಲು. ಪೂರ್ತಿ ಕಾಗದ ಬರೆಯುವ ಮೊದಲು ನಾಲ್ಕು ಮಾತು ಕಳಿಸಿ ಎನ್ನುತ್ತಾರೆ. ತೊಂದರೆ ಇದು. ನಾನು ಹೇಳುವ ರೂಪ ಇದು. ಇದಾದರೆ ಇಷ್ಟು ಲಾಭ. ಬರಬಹುದಾದ ತೊಡಕು ಇಂಥದ್ದು. ಪುಟ ತುಂಬಿದರೆ ಈ ಹಂತಕ್ಕೆ ಅದು ಉದ್ದವಾಯಿತು ಎಂದೇ ಅರ್ಥ. ಅದನ್ನು ಮೊದಲ ಸಲ ಓದಿದ ದಿನ ಪರದೆಯ ಮುಂದೆ ಸುಮ್ಮನೆ ಕೂತುಬಿಟ್ಟೆ. ಏಳು ಪುಟ ಬರೆದೂ ಮುಗಿಸದ ಆ ಹುಡುಗನಿಗೆ ಯಾರೋ ದೂರದಿಂದ, ಇಷ್ಟು ಸಾಕಿತ್ತಪ್ಪ, ಎಂದ ಹಾಗಿತ್ತು.

ಅಂಗಳ ಸ್ವಲ್ಪ ಹೊತ್ತು ಸುಮ್ಮನಾಯಿತು. ಕತ್ತಿಯ ಸದ್ದು ಮಾತ್ರ. ಆಮೇಲೆ ನೆರೆಮನೆಯ ಅಜ್ಜಿ, ಅಷ್ಟು ಹೊತ್ತು ತಲೆ ಎತ್ತದೆ ಸುಲಿಯುತ್ತಿದ್ದವರು, ಹೇಳಿದರು: "ಪಂಚಾಯ್ತಿಗೆ ಅರ್ಜಿ ಕೊಡಿ ಅಂದ್ರೆ ನಂಗೆ ಕೈ ನಡುಕ ಮಾರಾಯಾ. ಒಂದು ಮಾತು ಹೇಳ್ತೇನೆ ಅಂತ ಶುರು ಮಾಡಿದ್ರೆ ಹತ್ತು ಹೇಳ್ತೇನೆ."

ಅಣ್ಣನ ಮಗಳು ಕತ್ತಿ ಬದಿಗಿಟ್ಟಳು. "ಹಾಗಾದ್ರೆ ನಮ್ಮ ಹೆಸರು ಬದಲಿಸ್ಬೇಕು ಚಿಕ್ಕಪ್ಪ. ಕನ್ನಡದಲ್ಲೇ ಇಟ್ಟರೆ?"

ಸಲಹೆ, ಬಿನ್ನಹ, ಅಹವಾಲು, ಪ್ರಸ್ತಾವ. ಒಬ್ಬೊಬ್ಬರು ಒಂದೊಂದು ಎಸೆದರು. ಪ್ರಸ್ತಾವದಲ್ಲಿ ವಿಧಾನಸೌಧದ ಗಾಳಿ. ಅಹವಾಲಿನಲ್ಲಿ ಕೈಕಟ್ಟಿ ನಿಂತವನ ಬೆನ್ನು. ನನಗೆ ಅಜ್ಜನ ಹಳೆಯ ಪುಸ್ತಕಗಳ ಮೊದಲ ಪುಟ ನೆನಪಾಯಿತು. ಆಗಿನ ಲೇಖಕರು ಮುನ್ನುಡಿಗೆ 'ಅರಿಕೆ' ಎಂದು ತಲೆಬರಹ ಕೊಡುತ್ತಿದ್ದರು. ಅರಿಕೆ ಎಂದರೆ ಕೇಳಿಕೊಳ್ಳುವುದೂ ಹೌದು, ತಿಳಿಸುವುದೂ ಹೌದು. ನನಗೆ ಇಷ್ಟು ತೋಚಿದೆ, ನೋಡಿ ಎಂದು ಓದುಗನ ಮುಂದೆ ಇಡುವುದು. ಬಚ್ಚಲಲ್ಲಿ ಕೂತ ಆ ಹುಡುಗ ರಾತ್ರಿಯೆಲ್ಲ ಹುಡುಕಿದ ಮಾತು ನಮ್ಮಲ್ಲಿ ಆಗಲೇ ಇತ್ತು.

"ಅರಿಕೆ ಒಂದು, ಅರಿಕೆ ಎರಡು," ಎಂದು ಅವಳು ಹೇಳಿ ನೋಡಿದಳು. ಚೆನ್ನಾಗಿ ಕೇಳಿಸಿತು.

ಹನ್ನೊಂದು ದಾಟಿತ್ತು. ಹಂಡೆ ಇಳಿಸಿದ ಮೇಲೆ ಕೈ ತೊಳೆದು ಒಳಗಿಂದ ಲ್ಯಾಪ್‌ಟಾಪ್ ತಂದೆ. ಅದರಲ್ಲಿ ರಾಕು ಹಾಕಿಕೊಂಡಿದ್ದೇನೆ. ನಾನು ಕಳಿಸದೆ ಹೋದ ಮಾತನ್ನು ಬೇರೆಯವರು ಬೇರೆ ಬೇರೆ ದಾರಿಯಿಂದ ಆ ಭಾಷೆಗೆ ಮುಟ್ಟಿಸಿದ್ದರು. ರಾಕು ಬೈಟನ್ನೂ ಸಂಕೇತವನ್ನೂ ಎಣಿಸುವುದಿಲ್ಲ, ಯೂನಿಕೋಡ್‌ನ ನಿಯಮದಂತೆ ಗುಣಿತ ಸೇರಿದ ಗುಚ್ಛವನ್ನು ಒಂದೆಂದು ಎಣಿಸುತ್ತದೆ. ಅವಳಿಗೆ ತೋರಿಸಲು ಮೈಸೂರು ಎಂದು ಬರೆದು ಎಷ್ಟಕ್ಷರ ಎಂದು ಕೇಳಿದೆ. ಪೈಥಾನ್ ಇದಕ್ಕೆ 6 ಎನ್ನುತ್ತದೆ. ಇಲ್ಲಿ 3 ಬಂತು. ಮೈ, ಸೂ, ರು. ಅಣ್ಣ ಬಗ್ಗಿ ನೋಡಿ ಶಹಬ್ಬಾಸ್ ಎಂದ.

"ನಿಮ್ಮ ತೀರ್ಥಹಳ್ಳಿ ಹಾಕಿ ಚಿಕ್ಕಪ್ಪ."

ಹಾಕಿದೆ. 6.

ಅವಳು ಪರದೆ ನೋಡಿದಳು, ಚೊಗರಿನಿಂದ ಕಪ್ಪಾದ ಬೆರಳು ಮಡಚಿದಳು. "ತೀ, ರ್ಥ, ಹ, ಳ್ಳಿ. ನಾಲ್ಕಲ್ವಾ?"

"ಒತ್ತಕ್ಷರವನ್ನು ಇದು ಇನ್ನೂ ಎರಡಾಗಿ ಒಡೆಯುತ್ತದೆ. ರ್ ಬೇರೆ, ಥ ಬೇರೆ. ಕನ್ನಡದ ಒತ್ತಿಗೆ ಯೂನಿಕೋಡ್‌ನ ನಿಯಮ ಹಾಗಿದೆ."

"ತಪ್ಪಲ್ವಾ ಅದು?"

"ನಿನ್ನ ಪ್ರಕಾರ ಹೇಗಿರಬೇಕು?"

ಅವಳು ಲ್ಯಾಪ್‌ಟಾಪ್ ತನ್ನ ಕಡೆಗೆ ಎಳೆದುಕೊಂಡಳು. ಖಾಲಿ ಕಡತ ತೆರೆದು ಮೇಲೆ 'ಅರಿಕೆ 1' ಎಂದು ಬರೆದಳು. "ಎಷ್ಟುದ್ದ ಬೇಕು?" ಎಂದು ಕೇಳಿದಳು. ಒಂದು ವಾಕ್ಯ, ಎಂದೆ. ಸ್ವಲ್ಪ ಯೋಚಿಸಿ ಟೈಪ್ ಮಾಡತೊಡಗಿದಳು. ಅತ್ತಿಗೆ ಎಲ್ಲರಿಗೂ ಬೆಲ್ಲದ ಕಾಫಿ ತಂದರು.